ಪೀಟರ್ ಗ್ರೀನ್: ನುಡಿಸದೆ ಬಿಟ್ಟ ಸ್ವರಗಳ ವಾದಕ

‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಹಾಡನ್ನು ಬಲ್ಲವರಲ್ಲಿ ಬಹುಪಾಲು ಮಂದಿ ಅದು ಕಾರ್ಲೋಸ್ ಸಾಂಟಾನಾ ಅವರದ್ದೆಂದೇ ತಿಳಿದಿರುತ್ತಾರೆ. 1970ರಲ್ಲಿ ಸಾಂಟಾನಾ ತಂಡ ಅದನ್ನು ಧ್ವನಿಮುದ್ರಿಸಿತು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ನಾಲ್ಕನೇ ಸ್ಥಾನಕ್ಕೇರಿತು. ಆದರೆ ಆ ಹಾಡನ್ನು ಬರೆದು ಮೊದಲು ಹಾಡಿದ್ದು 1968ರಲ್ಲಿ, ಲಂಡನ್ನಿನ 21 ವರ್ಷದ ಒಬ್ಬ ಯುವಕ. ‘ಫ್ಲೀಟ್‌ವುಡ್ ಮ್ಯಾಕ್’ ಎಂದೊಡನೆ 1977ರ ‘ರೂಮರ್ಸ್’ ಆಲ್ಬಮ್ ನೆನಪಿಗೆ ಬರುತ್ತದೆ. ಜಗತ್ತಿನಾದ್ಯಂತ ಅದರ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಆ ತಂಡವನ್ನು ಕಟ್ಟಿದ್ದೂ ಅದೇ ಯುವಕ. ‘ರೂಮರ್ಸ್’ ಬರುವ ಹೊತ್ತಿಗೆ ಅವರು ತಂಡ ಬಿಟ್ಟು ಏಳು ವರ್ಷವಾಗಿತ್ತು. ‘ಮೆಟಾಲಿಕಾ’ ತಂಡದ ಕರ್ಕ್ ಹ್ಯಾಮೆಟ್ ಅವರ ಬಳಿ ‘ಗ್ರೀನಿ’ ಎಂಬ ಅಡ್ಡಹೆಸರಿನ, 1959ರಲ್ಲಿ ತಯಾರಾದ ಗಿಬ್ಸನ್ ಗಿಟಾರ್ ಒಂದಿದೆ. ಅದು ಪ್ರಸಿದ್ಧವಾದದ್ದೂ ಅದೇ ಯುವಕನ ಕೈಯಲ್ಲಿ.

ಅವರ ಹೆಸರು ಪೀಟರ್ ಗ್ರೀನ್. ಹಾಡು, ತಂಡ, ವಾದ್ಯ ಮೂರೂ ಪ್ರಸಿದ್ಧವಾದವು; ಮೂರೂ ಬೇರೆಯವರ ಹೆಸರಿನೊಂದಿಗೆ ಬೆಸೆದುಕೊಂಡವು. ಅರವತ್ತರ ದಶಕದ ಬ್ರಿಟಿಷ್ ಗಿಟಾರ್ ವಾದಕರ ಮಾತು ಬಂದಾಗ ಎರಿಕ್ ಕ್ಲಾಪ್ಟನ್, ಜೆಫ್ ಬೆಕ್, ಜಿಮ್ಮಿ ಪೇಜ್ ಎಂಬ ಮೂರು ಹೆಸರು ಸಾಲಾಗಿ ಬರುತ್ತವೆ. ಪೀಟರ್ ಗ್ರೀನ್ ಹೆಸರು ಬರುವುದಾದರೂ ಆಮೇಲೆ. ಹೀಗೇಕಾಯಿತು ಎಂಬುದು ಒಂದು ಪ್ರಶ್ನೆ. ಹಾಗಿದ್ದೂ ಆ ಸಂಗೀತವನ್ನು ಬಲ್ಲವರು ಅವರನ್ನು ಅಷ್ಟು ಎತ್ತರದಲ್ಲಿ ಇಟ್ಟಿರುವುದೇಕೆ ಎಂಬುದು ಇನ್ನೊಂದು. ಉತ್ತರ ಹುಡುಕಲು ಬ್ಲೂಸ್ ಅಂದರೇನು, ಎಲೆಕ್ಟ್ರಿಕ್ ಗಿಟಾರ್ ಹೇಗೆ ನುಡಿಯುತ್ತದೆ ಎಂಬೆರಡನ್ನು ಮೊದಲು ತಿಳಿಯಬೇಕು.

ಬ್ಲೂಸ್‌ನ ಒಳಗಿನ ಖಾಲಿ ಜಾಗ

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡರೂ ಬದುಕು ಹಸನಾಗದ ಕಪ್ಪು ಜನರ ನಡುವೆ. ಹತ್ತಿಹೊಲಗಳಲ್ಲಿ ದುಡಿಯುತ್ತಿದ್ದವರ ಕೂಗು, ಚರ್ಚಿನ ಪ್ರಾರ್ಥನೆ, ಕೆಲಸದ ಹಾಡು ಎಲ್ಲವೂ ಸೇರಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅದೊಂದು ರೂಪ ಪಡೆಯಿತು. ಆ ಜನ ಕೆಲಸ ಹುಡುಕಿಕೊಂಡು ಉತ್ತರದ ಶಿಕಾಗೋದಂಥ ನಗರಗಳಿಗೆ ವಲಸೆ ಹೋದಾಗ ಬ್ಲೂಸ್ ಕೂಡ ಅವರ ಜೊತೆ ಹೋಯಿತು. ನಗರದ ಗದ್ದಲದ ಹೋಟೆಲು, ಬಾರುಗಳಲ್ಲಿ ಕೇಳಿಸಬೇಕಾದ್ದರಿಂದ ಅದು ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡಿತು.

ಅದರ ಚೌಕಟ್ಟು ಸರಳ. ನಾಲ್ಕು ಎಣಿಕೆಯ ಹನ್ನೆರಡು ಆವರ್ತಗಳು ಸೇರಿದರೆ ಒಂದು ಸುತ್ತು. ಆ ಸುತ್ತಿನಲ್ಲಿ ಮುಖ್ಯವಾಗಿ ಮೂರು ಕಾರ್ಡ್‌ಗಳು, ಅಂದರೆ ಏಕಕಾಲಕ್ಕೆ ನುಡಿಯುವ ಸ್ವರಗುಚ್ಛಗಳು, ಬರುತ್ತವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಮಧ್ಯಮ ಮತ್ತು ಪಂಚಮಗಳ ಮೇಲೆ ನಿಂತ ಮೂರು ಗುಚ್ಛಗಳು. ಹಾಡಿನ ಮೊದಲ ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ವಾಡಿಕೆ. ಪ್ರತಿ ಸಾಲಿಗೂ ನಾಲ್ಕು ಆವರ್ತ ಸಿಗುತ್ತದೆ. ಮಾತು ಹೆಚ್ಚುಕಡಿಮೆ ಎರಡು ಆವರ್ತದಲ್ಲೇ ಮುಗಿಯುತ್ತದೆ. ಉಳಿದ ಜಾಗ ವಾದ್ಯಕ್ಕೆ ಸೇರಿದ್ದು. ಗಾಯಕ ಒಂದು ಮಾತು ಹೇಳುತ್ತಾನೆ, ಗಿಟಾರ್ ಅದಕ್ಕೆ ಹೂಂಗುಡುತ್ತದೆ.

ಇನ್ನೊಂದು ಸಂಗತಿ ಸ್ವರಕ್ಕೆ ಸಂಬಂಧಿಸಿದ್ದು. ಬ್ಲೂಸ್‌ನ ಜೀವ ಇರುವುದು ಪಿಯಾನೋದ ಮನೆಗಳಲ್ಲಿ ಸಿಗದ ಕೆಲವು ಸ್ವರಗಳಲ್ಲಿ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗಾಡುವ ಒಂದು ಗಾಂಧಾರ ಅವುಗಳಲ್ಲಿ ಮುಖ್ಯವಾದದ್ದು. ಗಿಟಾರ್ ವಾದಕರು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಅದನ್ನು ಹುಟ್ಟಿಸುತ್ತಾರೆ. ವೀಣೆಯ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತರುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಳೆಯುವುದನ್ನು ಯಾರಾದರೂ ಕಲಿಯಬಹುದು. ಎಷ್ಟು ಎಳೆಯಬೇಕು, ಎಷ್ಟು ಹೊತ್ತಿನಲ್ಲಿ ಮುಟ್ಟಬೇಕು, ಮುಟ್ಟಿದ ಮೇಲೆ ಎಷ್ಟು ನಡುಗಿಸಬೇಕು ಎಂಬುದರಲ್ಲಿ ಒಬ್ಬೊಬ್ಬರ ವಿದ್ಯೆ ಬೇರೆಬೇರೆಯಾಗುತ್ತದೆ.

ಮಾಂಸದಂಗಡಿಯಿಂದ ಮೇಯಲ್ ಗರಡಿಗೆ

ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿಗೆ ಈ ಸಂಗೀತ ಹೆಚ್ಚಾಗಿ ಗ್ರಾಮಫೋನ್ ತಟ್ಟೆಗಳ ಮೂಲಕ ಬಂತು. 1958ರಲ್ಲಿ ಶಿಕಾಗೋದ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಬಂದು ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. 1962ರಲ್ಲಿ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಲಂಡನ್ನಿನ ಈಲಿಂಗ್‌ನಲ್ಲಿ ಬ್ಲೂಸ್‌ಗಾಗಿ ಒಂದು ಕ್ಲಬ್ ಆರಂಭಿಸಿದರು. ಕೆಳಮಧ್ಯಮ ಮತ್ತು ಕಾರ್ಮಿಕ ಕುಟುಂಬಗಳ ಅನೇಕ ಹುಡುಗರಿಗೆ ಇದೇ ಸಂಗೀತಶಾಲೆಯಾಯಿತು.

ಪೀಟರ್ ಗ್ರೀನ್ ಅಂಥ ಒಬ್ಬ ಹುಡುಗ. 1946ರ ಅಕ್ಟೋಬರ್ 29ರಂದು ಪೂರ್ವ ಲಂಡನ್ನಿನ ಬೆಥ್ನಲ್ ಗ್ರೀನ್‌ನಲ್ಲಿ, ಒಂದು ಯಹೂದಿ ಕುಟುಂಬದ ನಾಲ್ಕು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಮನೆತನದ ಹೆಸರು ಗ್ರೀನ್‌ಬಾಮ್. ಗಿಟಾರಿನ ಮೊದಲ ಕಾರ್ಡ್‌ಗಳನ್ನು ಹೇಳಿಕೊಟ್ಟದ್ದು ಅಣ್ಣ. ಶಾಲೆ ಬಿಟ್ಟ ಮೇಲೆ ಮಾಂಸದಂಗಡಿಯಲ್ಲಿ ಕೆಲಸ ಕಲಿಯುತ್ತ, ಸಣ್ಣಪುಟ್ಟ ತಂಡಗಳಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದರು.

ಆಗ ಲಂಡನ್ನಿನಲ್ಲಿ ಜಾನ್ ಮೇಯಲ್ ಎಂಬವರ ‘ಬ್ಲೂಸ್‌ಬ್ರೇಕರ್ಸ್’ ತಂಡ ಗಿಟಾರ್ ವಾದಕರ ಗರಡಿಮನೆಯಂತಿತ್ತು. ಎರಿಕ್ ಕ್ಲಾಪ್ಟನ್ ಅಲ್ಲಿಯೇ ಹೆಸರು ಮಾಡಿದರು. ಅವರು ದೇವರೆಂದು ಅಭಿಮಾನಿಗಳು ಲಂಡನ್ನಿನ ಗೋಡೆಯ ಮೇಲೆ ಬರೆಯುವಷ್ಟರ ಮಟ್ಟಿಗೆ. 1966ರ ಮಧ್ಯಭಾಗದಲ್ಲಿ ಕ್ಲಾಪ್ಟನ್ ‘ಕ್ರೀಮ್’ ತಂಡ ಕಟ್ಟಲು ಹೊರಟುಹೋದಾಗ ಆ ಜಾಗಕ್ಕೆ ಬಂದವರು 19 ವರ್ಷದ ಪೀಟರ್ ಗ್ರೀನ್. ಸ್ಟುಡಿಯೋದಲ್ಲಿ ಕ್ಲಾಪ್ಟನ್ ಕಾಣದೆ ಗಾಬರಿಯಾದ ನಿರ್ಮಾಪಕ ಮೈಕ್ ವರ್ನನ್ ಅವರಿಗೆ, ಈ ಹುಡುಗ ಕೆಲವೇ ವರ್ಷಗಳಲ್ಲಿ ಕ್ಲಾಪ್ಟನ್ನರನ್ನೂ ಮೀರಿಸುತ್ತಾನೆ ಎಂದು ಮೇಯಲ್ ಧೈರ್ಯ ಹೇಳಿದರಂತೆ. 1967ರ ಫೆಬ್ರವರಿಯಲ್ಲಿ ಬಂದ ‘ಎ ಹಾರ್ಡ್ ರೋಡ್’ ಆಲ್ಬಮ್ ಆ ಮಾತಿಗೆ ಸಾಕ್ಷಿ ಒದಗಿಸಿತು.

ಆ ಆಲ್ಬಮ್ಮಿನಲ್ಲಿ ‘ದಿ ಸೂಪರ್‌ನ್ಯಾಚುರಲ್’ ಎಂಬ, ಮಾತಿಲ್ಲದ, ಬರೀ ವಾದ್ಯದ ಒಂದು ಕೃತಿಯಿದೆ. ಅದರಲ್ಲಿ ಗ್ರೀನ್ ಕೆಲವು ಸ್ವರಗಳನ್ನು ಉಸಿರು ಹಿಡಿದಂತೆ ಉದ್ದಕ್ಕೆ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಮೀಟಿದ ತಂತಿಯ ನಾದ ಬೇಗನೆ ಕ್ಷೀಣಿಸುತ್ತದೆ. ಆದರೆ ಆಂಪ್ಲಿಫೈಯರ್, ಅಂದರೆ ಧ್ವನಿವರ್ಧಕ, ಜೋರಾಗಿದ್ದು ಗಿಟಾರ್ ಅದರ ಹತ್ತಿರವಿದ್ದರೆ, ಸ್ಪೀಕರಿನಿಂದ ಹೊರಟ ಶಬ್ದವೇ ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡುತ್ತದೆ. ಆ ಕಂಪನ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಮೈಕಿನಲ್ಲಿ ಇದಾದರೆ ಕಿವಿಗಡಚಿಕ್ಕುವ ಕೀರಲು ಹುಟ್ಟುತ್ತದೆ. ಗಿಟಾರಿನಲ್ಲಿ ಅದನ್ನು ಹತೋಟಿಯಲ್ಲಿಟ್ಟರೆ ಪಿಟೀಲಿನ ಕಮಾನಿನಿಂದ ಬಂದಂಥ ಅಖಂಡ ನಾದ ಸಿಗುತ್ತದೆ. ಇಪ್ಪತ್ತರ ಹೊಸ್ತಿಲಲ್ಲಿದ್ದ ವಾದಕ, ದೊಡ್ಡ ವಾದಕನೊಬ್ಬನ ಜಾಗ ತುಂಬಬೇಕಾದ ಒತ್ತಡದಲ್ಲಿ, ವೇಗ ತೋರಿಸದೆ ಹೀಗೆ ಒಂದೇ ಸ್ವರದ ಮೇಲೆ ನಿಂತರು ಎಂಬುದು ಗಮನಿಸಬೇಕಾದ ವಿಷಯ.

ಆ ಗಿಟಾರಿನ ಗುಟ್ಟು

ಗ್ರೀನ್ ಅವರ ನಾದದ ಬಗ್ಗೆ ಮಾತಾಡುವಾಗ ಅವರ ಗಿಟಾರಿನ ವಿಚಿತ್ರ ಗುಣವೊಂದು ತಪ್ಪದೆ ಪ್ರಸ್ತಾಪವಾಗುತ್ತದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ‘ಪಿಕಪ್’ ಎಂಬ ಸಾಧನವಿರುತ್ತದೆ. ಅಯಸ್ಕಾಂತ ಮತ್ತು ಅದರ ಜೊತೆಗಿನ ತೆಳ್ಳನೆಯ ತಾಮ್ರದ ತಂತಿಯ ಸುರುಳಿ, ಇಷ್ಟೇ ಅದರ ತಿರುಳು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಗ್ರೀನ್ ಬಳಸಿದ ‘ಲೆಸ್ ಪಾಲ್’ ಮಾದರಿಯ ಗಿಟಾರಿನಲ್ಲಿ ಇಂಥ ಎರಡು ಪಿಕಪ್‌ಗಳಿವೆ. ಕತ್ತಿನ ಕಡೆಯದು ದಪ್ಪ, ಮೃದು ನಾದವನ್ನೂ, ತಂತಿ ಕೊನೆಗೊಳ್ಳುವ ಕಡೆಯದು ತೆಳು, ಚೂಪು ನಾದವನ್ನೂ ಕೊಡುತ್ತವೆ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡೂ ಸೇರಿ ತುಂಬಿದ ನಾದ ಬರಬೇಕು.

ಗ್ರೀನ್ ಅವರ ಗಿಟಾರಿನಲ್ಲಿ ಕತ್ತಿನ ಕಡೆಯ ಪಿಕಪ್ಪಿನ ಅಯಸ್ಕಾಂತದ ದಿಕ್ಕು ಅದಲುಬದಲಾಗಿತ್ತು. ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಿದಾಗ ಒಂದರ ವಿದ್ಯುತ್ ಇನ್ನೊಂದಕ್ಕೆ ಎದುರಾಗುತ್ತಿತ್ತು. ಒಂದೇ ಉಯ್ಯಾಲೆಯನ್ನು ಇಬ್ಬರು ಎದುರುಬದುರು ನಿಂತು ಒಂದೇ ಕ್ಷಣದಲ್ಲಿ ತಳ್ಳಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಎರಡೂ ಪಿಕಪ್‌ಗಳು ಒಂದೇ ತರಹ ಗ್ರಹಿಸುವ ತಗ್ಗಿನ ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಎರಡಕ್ಕೂ ಬೇರೆಬೇರೆಯಾಗಿ ಸಿಗುವ ಮೇಲಿನ ಕಂಪನಗಳು ಉಳಿದುಕೊಳ್ಳುತ್ತವೆ. ಹೊರಬರುವ ನಾದ ಟೊಳ್ಳಾಗಿ, ಸ್ವಲ್ಪ ಮೂಗಿನಿಂದ ಬಂದಂತೆ, ಗಂಟಲು ಬಿಗಿದವರ ದನಿಯಂತೆ ಇರುತ್ತದೆ.

ಆದರೆ ಗುಟ್ಟೆಲ್ಲ ಅಯಸ್ಕಾಂತದಲ್ಲಿದೆ ಎಂದು ತಿಳಿದರೆ ತಪ್ಪಾದೀತು. ಅದಕ್ಕೆ ಆ ಗಿಟಾರಿನ ಮುಂದಿನ ಕಥೆಯೇ ಪುರಾವೆ. ಎಪ್ಪತ್ತರ ದಶಕದ ಆರಂಭದಲ್ಲಿ ಗ್ರೀನ್ ಅದನ್ನು ಗ್ಯಾರಿ ಮೂರ್ ಎಂಬ ಐರಿಷ್ ಯುವಕನಿಗೆ ಕಡಿಮೆ ಬೆಲೆಗೆ ಕೊಟ್ಟುಬಿಟ್ಟರು. ಮೂರ್ ಅದನ್ನು ಮೂರು ದಶಕಕ್ಕೂ ಹೆಚ್ಚು ಕಾಲ ಇಟ್ಟುಕೊಂಡು, ತಾವೂ ದೊಡ್ಡ ವಾದಕರಾದರು. 1995ರಲ್ಲಿ ಗ್ರೀನ್ ಅವರ ಹಾಡುಗಳನ್ನೇ ನುಡಿಸಿ ‘ಬ್ಲೂಸ್ ಫಾರ್ ಗ್ರೀನಿ’ ಎಂಬ ಆಲ್ಬಮ್ಮನ್ನು ಗೌರವಪೂರ್ವಕವಾಗಿ ಹೊರತಂದರು. 2014ರಲ್ಲಿ ಗಿಟಾರ್ ಹ್ಯಾಮೆಟ್ ಅವರ ಕೈ ಸೇರಿತು. ವಾದ್ಯ ಅದೇ. ಆದರೆ ಮೂರ್ ನುಡಿಸಿದರೆ ಮೂರ್ ಕೇಳಿಸುತ್ತಾರೆ, ಹ್ಯಾಮೆಟ್ ನುಡಿಸಿದರೆ ಹ್ಯಾಮೆಟ್. ಆದ್ದರಿಂದ ನಾವು ಹುಡುಕುತ್ತಿರುವುದು ಮರದಲ್ಲಿ, ಅಯಸ್ಕಾಂತದಲ್ಲಿ ಇಲ್ಲ. ಬೆರಳಿನಲ್ಲಿ ಮತ್ತು ಆ ಬೆರಳನ್ನು ತಡೆದು ನಿಲ್ಲಿಸುವ ಮನಸ್ಸಿನಲ್ಲಿ ಇದೆ.

ಕಡಿಮೆ ನುಡಿಸುವುದರ ಕಷ್ಟ

ಫ್ಲೀಟ್‌ವುಡ್ ಮ್ಯಾಕ್ ತಂಡ 1968ರಲ್ಲಿ ನುಡಿಸಿದ ‘ನೀಡ್ ಯುವರ್ ಲವ್ ಸೋ ಬ್ಯಾಡ್’ ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಾಡು ಮೂಲತಃ ಅಮೆರಿಕದ ಲಿಟಲ್ ವಿಲ್ಲಿ ಜಾನ್ ಅವರದು. ಗ್ರೀನ್ ಅದರಲ್ಲಿ ತಾವೇ ಹಾಡಿ ತಾವೇ ನುಡಿಸಿದ್ದಾರೆ. ಹಾಡಿನ ಸಾಲು ಮುಗಿಯುವವರೆಗೂ ಗಿಟಾರ್ ಕಾಯುತ್ತದೆ. ಆಮೇಲೆ ನಾಲ್ಕೈದು ಸ್ವರಗಳಲ್ಲಿ ಮಾತು ಮುಗಿಸಿ ಮತ್ತೆ ದಾರಿ ಬಿಡುತ್ತದೆ. ಬ್ಲೂಸ್‌ನ ಚೌಕಟ್ಟಿನೊಳಗೆ ಇರುವ ಖಾಲಿ ಜಾಗ ಎಂದು ಮೊದಲು ಹೇಳಿದೆನಲ್ಲ, ಅಲ್ಲಿಯೂ ಗ್ರೀನ್ ಪೂರ್ತಿ ಜಾಗವನ್ನು ತುಂಬುವುದಿಲ್ಲ. ಸ್ವಲ್ಪವನ್ನು ಖಾಲಿಯಾಗಿಯೇ ಉಳಿಸುತ್ತಾರೆ. ಕೇಳುವವನ ಮನಸ್ಸು ಆ ಜಾಗಕ್ಕೆ ಹೋಗಿ ಕೂರುತ್ತದೆ.

ಇದು ಸುಲಭವೆಂದು ಕಾಣಬಹುದು. ಆದರೆ ವೇಗವಾಗಿ ನುಡಿಸುವಾಗ ಒಂದು ಸ್ವರ ಅಪಸ್ವರವಾದರೆ ಮುಂದಿನ ಹತ್ತು ಸ್ವರಗಳು ಅದನ್ನು ಮುಚ್ಚಿಬಿಡುತ್ತವೆ. ಮೂರೇ ಸ್ವರ ನುಡಿಸುವವನಿಗೆ ಆ ಆಸರೆ ಇಲ್ಲ. ಎಳೆದ ತಂತಿ ಕೂದಲೆಳೆಯಷ್ಟು ತಪ್ಪಿದರೂ ಗೊತ್ತಾಗುತ್ತದೆ. ಗ್ರೀನ್ ಗಿಟಾರಿನ ಧ್ವನಿಯ ಗುಂಡಿಯನ್ನೂ ಒಂದು ವಾದ್ಯದಂತೆ ಬಳಸುತ್ತಿದ್ದರು: ಪಿಸುಮಾತಿಗೆ ಇಳಿಸಿ, ಬೇಕಾದಲ್ಲಿ ಮಾತ್ರ ಏರಿಸುತ್ತಿದ್ದರು. ಮೀಟುವ ಬಲದ ಏರಿಳಿತವೂ ಅದಕ್ಕೆ ಸೇರಿ, ಒಂದೇ ಸ್ವರ ಒಮ್ಮೆ ಬೇಡಿಕೆಯಂತೆ, ಒಮ್ಮೆ ದೂರಿನಂತೆ ಕೇಳಿಸುತ್ತದೆ.

ಎರಡನೆಯ ಗುಣ ಅವರ ರಚನೆಗಳಲ್ಲಿದೆ. ಆ ಕಾಲದ ಬ್ರಿಟಿಷ್ ಬ್ಲೂಸ್ ಹೆಚ್ಚಾಗಿ ಅಮೆರಿಕದ ಹಾಡುಗಳ ಮರುನುಡಿಕೆಯಾಗಿತ್ತು. ಗ್ರೀನ್ ಕಲಿತದ್ದನ್ನು ಬೇರೆ ಕಡೆಗೆ ತಿರುಗಿಸಿದರು. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಮೇಲೆ ಶಿಕಾಗೋದ ಓಟಿಸ್ ರಶ್ ಅವರ ‘ಆಲ್ ಯುವರ್ ಲವ್’ ಹಾಡಿನ ನೆರಳಿದೆ. ಎರಡೂ ‘ಮೈನರ್’ ಎಂದು ಕರೆಯುವ, ಸಾಧಾರಣ ಗಾಂಧಾರವೇ ಪ್ರಧಾನವಾದ ಮಂಕು ಬಣ್ಣದ ಸ್ವರಪ್ರಪಂಚದಲ್ಲಿ ಹುಟ್ಟಿದವು. ಅದೇ ವರ್ಷದ ಕೊನೆಗೆ ಬಂದ ‘ಆಲ್ಬಟ್ರಾಸ್’ನಲ್ಲಿ ಬ್ಲೂಸ್‌ನ ಹನ್ನೆರಡು ಆವರ್ತವೂ ಇಲ್ಲ, ಮಾತೂ ಇಲ್ಲ. ಮಿಕ್ ಫ್ಲೀಟ್‌ವುಡ್ ಡ್ರಮ್ಮನ್ನು ಕಡ್ಡಿಯ ಬದಲು ಮೆತ್ತನೆಯ ಗುಂಡಿನ ಕೋಲಿನಿಂದ ನುಡಿಸಿದ್ದಾರೆ. ದೂರದ ಅಲೆಗಳಂತೆ ಅದು ಕೇಳುತ್ತದೆ. ಮೇಲೆ ಗ್ರೀನ್ ಮತ್ತು 18 ವರ್ಷದ ಡ್ಯಾನಿ ಕರ್ವನ್ ಅವರ ಗಿಟಾರ್‌ಗಳು ಜೊತೆಜೊತೆಯಾಗಿ ತೇಲುತ್ತವೆ. 1969ರ ಜನವರಿಯಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದೇ ವರ್ಷ ಬೀಟಲ್ಸ್ ತಂಡ ‘ಆ್ಯಬಿ ರೋಡ್’ ಆಲ್ಬಮ್ಮಿಗಾಗಿ ‘ಸನ್ ಕಿಂಗ್’ ಮಾಡಿದಾಗ ‘ಆಲ್ಬಟ್ರಾಸ್’ನ ಗುಂಗು ತಮ್ಮನ್ನು ಆವರಿಸಿತ್ತೆಂದು ಜಾರ್ಜ್ ಹ್ಯಾರಿಸನ್ ಒಪ್ಪಿಕೊಂಡಿದ್ದಾರೆ.

ಬ್ಲೂಸ್ ಯಾರದೋ ಅವರ ಒಪ್ಪಿಗೆ ಇದಕ್ಕಿಂತ ದೊಡ್ಡದು. 1969ರ ಜನವರಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ಶಿಕಾಗೋದ ಚೆಸ್ ಸ್ಟುಡಿಯೋಗೆ ಹೋಗಿ ವಿಲ್ಲಿ ಡಿಕ್ಸನ್, ಬಡ್ಡಿ ಗೈ, ಓಟಿಸ್ ಸ್ಪ್ಯಾನ್ ಮೊದಲಾದವರ ಜೊತೆ ನುಡಿಸಿತು. ಮಡ್ಡಿ ವಾಟರ್ಸ್ ತಂಡದಲ್ಲಿ ವರ್ಷಗಟ್ಟಲೆ ಪಿಯಾನೋ ನುಡಿಸಿದ್ದ ಸ್ಪ್ಯಾನ್, ಆಮೇಲೆ ತಮ್ಮದೇ ಒಂದು ಆಲ್ಬಮ್ಮಿಗೆ ಗ್ರೀನ್ ಅವರ ಗಿಟಾರನ್ನು ಜೊತೆಗಿಟ್ಟುಕೊಂಡರು. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರಂತೂ ಗ್ರೀನ್ ಅವರ ನಾದದಷ್ಟು ಮಧುರವಾದುದನ್ನು ತಾವು ಕೇಳಿಲ್ಲ, ತಮಗೆ ಮೈ ಬೆವರಿಸಿದ ವಾದಕ ಅವರೊಬ್ಬರೇ ಎಂಬರ್ಥದ ಮಾತು ಹೇಳಿದ್ದರು.

ಹೆಸರು ಹಿಂದೆ ಸರಿದದ್ದು ಹೇಗೆ?

ಹಾಗಾದರೆ ಅವರು ಮರೆಗೆ ಸರಿದದ್ದೇಕೆ? ಕಾರಣಗಳು ಹಲವು. ಮೊದಲನೆಯದು ಅವರ ಸ್ವಭಾವ. 1967ರಲ್ಲಿ ಹೊಸ ತಂಡ ಕಟ್ಟಿದಾಗ ಅವರು ಅದಕ್ಕೆ ಇಟ್ಟದ್ದು ಡ್ರಮ್ ವಾದಕ ಮಿಕ್ ಫ್ಲೀಟ್‌ವುಡ್ ಮತ್ತು ಬಾಸ್ ವಾದಕ ಜಾನ್ ಮೆಕ್‌ವೀ ಅವರ ಹೆಸರನ್ನು. ಎದುರಿಗೆ ನಿಲ್ಲುವ ಗಿಟಾರ್ ವಾದಕ ಹಿಂದೆ ಕೂರುವವರ ಹೆಸರಿಟ್ಟದ್ದು ಅಪರೂಪದ ನಡೆ. ವೇದಿಕೆಯಲ್ಲೂ ತಂಡದ ಇನ್ನಿಬ್ಬರು ಗಿಟಾರ್ ವಾದಕರಾದ ಜೆರೆಮಿ ಸ್ಪೆನ್ಸರ್ ಮತ್ತು ಕರ್ವನ್ ಅವರಿಗೆ ಧಾರಾಳವಾಗಿ ಜಾಗ ಬಿಟ್ಟರು. ನುಡಿಸುವಾಗ ಜಾಗ ಬಿಡುತ್ತಿದ್ದವರು ಬದುಕಿನಲ್ಲೂ ಹಾಗೆಯೇ ಇದ್ದರು.

ಎರಡನೆಯದು ಅವಧಿ. ‘ಎ ಹಾರ್ಡ್ ರೋಡ್’ ಬಂದ 1967ರ ಫೆಬ್ರವರಿಯಿಂದ ತಂಡ ಬಿಟ್ಟ 1970ರ ಮೇ ತಿಂಗಳವರೆಗೆ ಲೆಕ್ಕ ಹಾಕಿದರೆ ಮೂರು ವರ್ಷ ಮೂರು ತಿಂಗಳು. ಅವರ ಉತ್ತಮ ಕೆಲಸವೆಲ್ಲ ಹೆಚ್ಚುಕಡಿಮೆ ಆ ಅವಧಿಯಲ್ಲಿದೆ. ಜೊತೆಗೆ ‘ಆಲ್ಬಟ್ರಾಸ್’, ‘ಮ್ಯಾನ್ ಆಫ್ ದಿ ವರ್ಲ್ಡ್’, ‘ದಿ ಗ್ರೀನ್ ಮನಲಿಶಿ’ ಮೊದಲಾದವು ಬಿಡಿ ತಟ್ಟೆಗಳಾಗಿ ಬಂದವು. ಆಲ್ಬಮ್‌ಗಳನ್ನು ಮೈಲುಗಲ್ಲಾಗಿ ಇಟ್ಟುಕೊಂಡು ಚರಿತ್ರೆ ಬರೆಯುವವರ ಕಣ್ಣಿಗೆ ಇವು ಸುಲಭವಾಗಿ ಬೀಳುವುದಿಲ್ಲ.

ಮೂರನೆಯದು ಕಾಯಿಲೆ. ಹಣ ಮತ್ತು ಪ್ರಸಿದ್ಧಿ ಬಂದಂತೆ ಗ್ರೀನ್ ಅವರ ಕಳವಳ ಹೆಚ್ಚಿತು. ಗಳಿಕೆಯನ್ನು ದಾನ ಮಾಡೋಣವೆಂದು ತಂಡದವರನ್ನು ಒತ್ತಾಯಿಸಿದರು. ‘ಗ್ರೀನ್ ಮನಲಿಶಿ’ಯ ಹಸಿರು ಪಿಶಾಚಿ ಹಣವೇ ಎಂದು ಅವರೇ ಹೇಳಿದ್ದಾರೆ. ಈ ನಡುವೆ ಎಲ್‌ಎಸ್‌ಡಿ ಎಂಬ ಮಾದಕ ವಸ್ತುವಿನ ಸಹವಾಸವೂ ಆಯಿತು. ಮುಂದೆ ವೈದ್ಯರು ಅವರಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ಗುರುತಿಸಿದರು. ಇದು ಯೋಚನೆ ಮತ್ತು ವಾಸ್ತವದ ಅರಿವನ್ನು ಏರುಪೇರು ಮಾಡುವ ಮಾನಸಿಕ ಕಾಯಿಲೆ. ವರ್ಷಗಳ ಕಾಲ ಆಸ್ಪತ್ರೆ, ವಿದ್ಯುತ್ ಚಿಕಿತ್ಸೆ, ಸಣ್ಣಪುಟ್ಟ ಕೂಲಿ ಕೆಲಸಗಳಲ್ಲಿ ಅವರ ಬದುಕು ಕಳೆಯಿತು. 1979ರಲ್ಲಿ ‘ಇನ್ ದಿ ಸ್ಕೈಸ್’ ಆಲ್ಬಮ್ಮಿನೊಂದಿಗೆ, ತೊಂಬತ್ತರ ದಶಕದಲ್ಲಿ ‘ಸ್ಪ್ಲಿಂಟರ್ ಗ್ರೂಪ್’ ತಂಡದೊಂದಿಗೆ ಮರಳಿ ಬಂದರು. 2020ರ ಜುಲೈ 25ರಂದು, 73ನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು.

ಈ ಮೂರನೆಯ ಕಾರಣ ಅವರಿಗೆ ಎರಡು ಬಗೆಯಲ್ಲಿ ಅನ್ಯಾಯ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಕಾಯಿಲೆ ಅವರ ಕೈಯಿಂದ ವರ್ಷಗಳನ್ನು ಕಸಿದುಕೊಂಡಿತು. ಕಾಯಿಲೆಯ ಕಥೆ ನಮ್ಮ ಕಿವಿಯಿಂದ ಸಂಗೀತವನ್ನು ಕಸಿದುಕೊಂಡಿತು. ನೋವು ಉಂಡದ್ದರಿಂದಲೇ ಹಾಗೆ ನುಡಿಸಿದರು ಎಂಬ ಮಾತು ಕೇಳಲು ಚೆಂದ. ಆದರೆ ಅದು ಸರಿಯಲ್ಲ. ‘ದಿ ಸೂಪರ್‌ನ್ಯಾಚುರಲ್’ ಬಂದದ್ದು ಆರೋಗ್ಯ ಕೆಡುವುದಕ್ಕೆ ಬಹಳ ಮೊದಲು. ಯಾವ ಸ್ವರ ಬೇಡ ಎಂದು ತೀರ್ಮಾನಿಸುವುದು ಸ್ವಸ್ಥವಾದ, ಎಚ್ಚರದ, ಅಭ್ಯಾಸದಿಂದ ಹದಗೊಂಡ ಮನಸ್ಸಿನ ಕೆಲಸ. ಕಾಯಿಲೆ ಅದನ್ನು ಕೊಡಲಿಲ್ಲ, ಮೊಟಕುಗೊಳಿಸಿತು. ಗಿಟಾರ್ ವಾದಕರನ್ನು ವೇಗದಿಂದ, ಸದ್ದಿನಿಂದ, ವೇದಿಕೆಯ ಮೇಲಿನ ಆರ್ಭಟದಿಂದ ಅಳೆಯುವ ರೂಢಿಯೂ ಅವರನ್ನು ಹಿಂದಕ್ಕೆ ತಳ್ಳಿತು. ಆ ಅಳತೆಗೋಲಿನಲ್ಲಿ ಬಿಟ್ಟ ಸ್ವರಗಳಿಗೆ ಅಂಕವಿಲ್ಲ.

ಓದುಗರು ಈ ಮಾತನ್ನು ನಂಬಬೇಕಾಗಿಲ್ಲ, ಕೇಳಿ ನೋಡಬಹುದು. ಮೊದಲು ‘ದಿ ಸೂಪರ್‌ನ್ಯಾಚುರಲ್’, ಆಮೇಲೆ ‘ನೀಡ್ ಯುವರ್ ಲವ್ ಸೋ ಬ್ಯಾಡ್’, ಕೊನೆಗೆ ‘ಆಲ್ಬಟ್ರಾಸ್’. ಮೂರೂ ಸೇರಿ ಹತ್ತು ಹನ್ನೆರಡು ನಿಮಿಷ. ಮೊದಲ ಸಲ ಗಿಟಾರ್ ಏನು ನುಡಿಸುತ್ತದೆ ಎಂದು ಗಮನಿಸಿ. ಎರಡನೇ ಸಲ ಅದು ಎಲ್ಲಿ ಸುಮ್ಮನಾಗುತ್ತದೆ ಎಂದು ಗಮನಿಸಿ. ಪೀಟರ್ ಗ್ರೀನ್ ಯಾರೆಂಬುದು ಆ ಎರಡನೇ ಸಲ ತಿಳಿಯುತ್ತದೆ.